ಸ್ವಿಫ್ಟನ ಕಿವಿ: ಒಂದು ರೋಗನಿರ್ಣಯದ ಮರುಪರಿಶೀಲನೆ

ಜೊನಾಥನ್ ಸ್ವಿಫ್ಟ್ (1667–1745) ತಾರುಣ್ಯದಿಂದ ಮುಪ್ಪಿನವರೆಗೆ ತಲೆಸುತ್ತು, ಬಂದು ಹೋಗುವ ಕಿವುಡು ಮತ್ತು ಕಿವಿಮೊರೆತದಿಂದ ನರಳಿದನೆಂಬುದರಲ್ಲಿ ವಿವಾದವಿಲ್ಲ. ಕಿವಿಯೊಳಗಿನ ಸದ್ದನ್ನು ಆತನೇ ಏಳು ನೀರುಗಿರಣಿಗಳಿಗೆ ಹೋಲಿಸಿದ್ದಾನೆ. ಈ ಕಾಯಿಲೆಯ ಚರ್ಚೆ ನಡೆದುಬಂದ ಹಾದಿಯೂ ಪರಿಚಿತವೇ. 1849ರಲ್ಲಿ ಡಬ್ಲಿನ್ನಿನ ಕಿವಿ-ಕಣ್ಣಿನ ವೈದ್ಯ, ಆಸ್ಕರ್ ವೈಲ್ಡನ ತಂದೆ ವಿಲಿಯಂ ವೈಲ್ಡ್ ಅವರು ಸ್ವಿಫ್ಟನ ಕೊನೆಯ ವರ್ಷಗಳ ಬಗ್ಗೆ ಪುಸ್ತಕ ಬರೆದು, ಆತ ಹುಚ್ಚನಾಗಿದ್ದನೆಂಬ ಜನಜನಿತ ಮಾತನ್ನು ಪ್ರಶ್ನಿಸಿದರು. ಕಾಯಿಲೆಯ ಮೂಲವನ್ನು ಮಾತ್ರ ಮಿದುಳಿನಲ್ಲೇ ಹುಡುಕಿದರು. ಅವರನ್ನು ದೂರುವಂತಿಲ್ಲ; ಒಳಕಿವಿಯ ತೊಂದರೆಯಿಂದಲೂ ತಲೆಸುತ್ತು ಬರುತ್ತದೆಂದು ಪ್ರಾಸ್ಪರ್ ಮೆನಿಯೇರ್ ಪ್ಯಾರಿಸ್ಸಿನಲ್ಲಿ ಮಂಡಿಸಿದ್ದು 1861ರಲ್ಲಿ. ಅದನ್ನು ಆಧರಿಸಿ 1882ರಲ್ಲಿ ವೈದ್ಯ ಬಕ್‌ನಿಲ್ ಅವರು ‘ಬ್ರೈನ್’ ಪತ್ರಿಕೆಯಲ್ಲಿ ಸ್ವಿಫ್ಟನದು ಒಳಕಿವಿಯ ರೋಗವೆಂದು ವಾದಿಸಿದರು. ಅಲ್ಲಿಂದೀಚೆಗೆ ‘ಮೆನಿಯೇರ್ ಕಾಯಿಲೆ’ ಎಂಬ ನಿರ್ಣಯ ಜೀವನಚರಿತ್ರೆಗಳಲ್ಲಿ ನೆಲೆಯೂರಿದೆ.

ನಿರ್ಣಯ ತಪ್ಪೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಆಧಾರವಾಗಿ ತಲೆಸುತ್ತನ್ನು ಮುಂದಿಡುವುದು ಸರಿಯಲ್ಲ, ಸಾಕ್ಷ್ಯದ ಭಾರವನ್ನು ಕಿವುಡೇ ಹೊರಬೇಕು ಎಂಬುದಷ್ಟೇ ನನ್ನ ವಾದ.

1710ರ ಅಕ್ಟೋಬರ್ 31ರಂದು ಲಂಡನ್ನಿನಿಂದ ಗೆಳತಿ ಸ್ಟೆಲ್ಲಾಳಿಗೆ ಬರೆದ ದಿನಚರಿ-ಪತ್ರವನ್ನು ನೋಡಬೇಕು. ಬೆಳಿಗ್ಗೆ ಹಾಸಿಗೆಯಲ್ಲಿ ಕುಳಿತಿದ್ದಾಗ ಕೋಣೆ ಸುಮಾರು ಒಂದು ನಿಮಿಷ ಗಿರ್ರನೆ ತಿರುಗಿತು, ಆಮೇಲೆ ನಿಂತಿತು, ಸ್ವಲ್ಪ ವಾಕರಿಕೆ ಉಳಿಯಿತು ಎಂದು ಸ್ವಿಫ್ಟ್ ಬರೆಯುತ್ತಾನೆ. ಅದೇ ದಿನ ವೈದ್ಯ ಕಾಕ್‌ಬರ್ನನನ್ನು ಕಾಣುತ್ತಾನೆ. ಹಿಂದಿನ ವರ್ಷ ಗುಣ ಕೊಟ್ಟಿದ್ದ ಗುಳಿಗೆಗಳನ್ನು ಕಳಿಸುವುದಾಗಿ ವೈದ್ಯ ಹೇಳುತ್ತಾನೆ; ಕಿವಿಗೆಂದು ಒಂದು ಎಣ್ಣೆಯನ್ನೂ ಕೊಡುವುದಾಗಿ ಮಾತು ಕೊಡುತ್ತಾನೆ.

ಮೇಲ್ನೋಟಕ್ಕೆ ಇದು ಮೆನಿಯೇರ್ ಪಕ್ಷಕ್ಕೆ ಬಲ ಕೊಡುವ ಬರಹ: ತಲೆಸುತ್ತು, ವಾಕರಿಕೆ, ಕಿವಿ ಎಲ್ಲವೂ ಒಂದೇ ದಿನದಲ್ಲಿ ಸೇರಿವೆ. ಆದರೆ ಅವಧಿಯನ್ನು ಗಮನಿಸಿ. ಬಾರಾನಿ ಸೊಸೈಟಿ ಮತ್ತಿತರ ಸಂಘಗಳು 2015ರಲ್ಲಿ ಒಪ್ಪಿದ ಮಾನದಂಡದಂತೆ ಖಚಿತ ಮೆನಿಯೇರ್ ಕಾಯಿಲೆಯಲ್ಲಿ ತಲೆಸುತ್ತು 20 ನಿಮಿಷದಿಂದ 12 ಗಂಟೆಯವರೆಗೆ ಇರಬೇಕು. ಒಂದು ನಿಮಿಷದ ಸುತ್ತು, ಅದೂ ಹಾಸಿಗೆಯಲ್ಲಿ, ಬೇರೆಯದೇ ತೊಂದರೆಯ ಕಡೆ ಬೆರಳು ಮಾಡುತ್ತದೆ. ಒಳಕಿವಿಯ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳುಗಳು ಅರೆವೃತ್ತ ನಾಳಗಳಿಗೆ ಜಾರಿದಾಗ, ಮಲಗುವಾಗಲೋ ಏಳುವಾಗಲೋ ಹೊರಳುವಾಗಲೋ ತಲೆ ಹೀಗೆಯೇ ಅಲ್ಪಕಾಲ ತಿರುಗುತ್ತದೆ. ಅದರಿಂದ ಕಿವಿ ಕೇಳಿಸದಂತಾಗುವುದಿಲ್ಲ.

ಇಲ್ಲಿ ಎಚ್ಚರ ಬೇಕು. ಸ್ವಿಫ್ಟ್ ಗಡಿಯಾರ ಹಿಡಿದು ಅಳೆದಿರಲಾರ. ‘ಸುಮಾರು ಒಂದು ನಿಮಿಷ’ ಎಂಬುದು ತೀವ್ರ ಸುತ್ತಿನ ಅವಧಿ ಮಾತ್ರ ಆಗಿರಬಹುದು. ಆತ ಆಗತಾನೆ ಎದ್ದು ಕುಳಿತನೋ, ಮೊದಲೇ ಕುಳಿತಿದ್ದನೋ ಎಂಬುದನ್ನು ವಾಕ್ಯ ಹೇಳುವುದಿಲ್ಲ. ಮೆನಿಯೇರ್ ರೋಗಿಗಳಲ್ಲೇ ಹರಳಿನ ತೊಂದರೆಯೂ ಕಾಣಿಸಿಕೊಳ್ಳುವುದುಂಟು, ಆದ್ದರಿಂದ ಒಂದು ಇನ್ನೊಂದನ್ನು ಅಲ್ಲಗಳೆಯದು. ಇಷ್ಟೆಲ್ಲ ಒಪ್ಪಿಕೊಂಡ ಮೇಲೂ, ಈ ಒಂದು ಬೆಳಗಿನ ಸುತ್ತನ್ನು ಮೆನಿಯೇರ್‌ಗೆ ಪುರಾವೆಯಾಗಿ ಬಳಸಲಾಗದು ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಉಳಿಯುವುದೇನು? ಆ ಎಣ್ಣೆ. ತಲೆಸುತ್ತಿಗೆ ಗುಳಿಗೆ, ಕಿವಿಗೆ ಎಣ್ಣೆ: ವೈದ್ಯನಿಗೂ ರೋಗಿಗೂ ಇವು ಎರಡು ದೂರುಗಳು. 1727ರಲ್ಲಿ ಹೆನ್ರಿಯೆಟ್ಟಾ ಹೊವರ್ಡಳಿಗೆ ಬರೆದ ಪತ್ರವೂ ಇದನ್ನೇ ಹೇಳುತ್ತದೆ. ರಿಚ್ಮಂಡಿನಲ್ಲಿ ಒಂದೇ ಸಲಕ್ಕೆ ನೂರು ಸೇಬು ತಿಂದು ತಲೆಸುತ್ತು ಅಂಟಿಸಿಕೊಂಡೆ, ನಾಲ್ಕು ವರ್ಷ ಕಳೆದು ಸರ್ರೆಯಲ್ಲಿ ಓದುತ್ತ ಕೂರುತ್ತಿದ್ದ ಜಾಗದಲ್ಲಿ ಕಿವುಡು ಬಂತು, ಅಂದಿನಿಂದ ಪ್ರತಿವರ್ಷ ಈ ಇಬ್ಬರು ಗೆಳೆಯರಲ್ಲಿ ಒಬ್ಬರು ಭೇಟಿ ಕೊಡುತ್ತಿದ್ದರು, ಈಗ ಜೊತೆಯಾಗಿ ಬಂದಿದ್ದಾರೆ ಎಂಬುದು ಅದರ ಸಾರ. ಸೇಬಿನ ಕಾರಣವನ್ನು ಬದಿಗಿಡೋಣ. ಹಿಂದಿನದನ್ನು ನೆನೆದು ಬರೆದ ವಿನೋದದ ಪತ್ರವೆಂಬುದನ್ನೂ ಮರೆಯದಿರೋಣ. ಆದರೂ ಕಿವುಡು ಮತ್ತೆ ಮತ್ತೆ ‘ಭೇಟಿ’ ಕೊಡುತ್ತಿತ್ತೆಂದರೆ ನಡುವೆ ಹೊರಟುಹೋಗುತ್ತಿತ್ತು ಎಂದೇ ಅರ್ಥ. ಮುಪ್ಪಿನ ಕಿವುಡು ಹಾಗೆ ಹಿಂದಿರುಗಿ ಹೋಗುವುದಿಲ್ಲ. ಒಳಕಿವಿಯ ದ್ರವ ಹೆಚ್ಚಿದಾಗ ಬರುವ ಕಿವುಡು, ವಿಶೇಷವಾಗಿ ಆರಂಭದ ವರ್ಷಗಳಲ್ಲಿ, ಹೋಗುತ್ತದೆ. ಈ ದ್ರವದ ಉಬ್ಬರವನ್ನು 1938ರಲ್ಲಿ ಲಂಡನ್ನಿನ ಹಾಲ್‌ಪೈಕ್ ಮತ್ತು ಕೇರ್ನ್ಸ್, ಅದೇ ವರ್ಷ ಜಪಾನಿನ ಯಮಕಾವಾ, ಮೃತ ರೋಗಿಗಳ ಕಿವಿಯೆಲುಬಿನಲ್ಲಿ ಕಂಡರು. ಮೆನಿಯೇರ್ ಕಾಯಿಲೆಯಲ್ಲಿ ಕಿವುಡು, ತಲೆಸುತ್ತುಗಳ ನಡುವೆ ವರ್ಷಗಳ ಅಂತರವಿರುವುದೂ ಅಪರೂಪವಲ್ಲ.

ಆದ್ದರಿಂದ ಕಿವುಡು ಶುರುವಾದ ನಂತರದ ಕಾಲಕ್ಕೆ ಬಕ್‌ನಿಲ್ ಅವರ ನಿರ್ಣಯ ಬಹುಮಟ್ಟಿಗೆ ನಿಲ್ಲುತ್ತದೆ. ಅದಕ್ಕೆ ಮೊದಲಿನ ನಾಲ್ಕು ವರ್ಷಗಳ ಬರೀ ತಲೆಸುತ್ತಿಗೆ ಅದನ್ನು ಹಿಂದಕ್ಕೆ ಚಾಚುವಾಗ ಮೈಗ್ರೇನ್ ಸಂಬಂಧಿ ತಲೆಸುತ್ತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಒಳಕಿವಿಯ ಸಿಫಿಲಿಸ್ ಕೂಡ ಇದೇ ಲಕ್ಷಣಗಳನ್ನು ತೋರಬಲ್ಲದು. ಪತ್ರಗಳಷ್ಟರಿಂದಲೇ ಅದನ್ನು ಪೂರ್ತಿ ತಳ್ಳಿಹಾಕಲಾಗದು. ಇನ್ನು 1742ರಲ್ಲಿ ಸ್ವಿಫ್ಟನನ್ನು ಬುದ್ಧಿಸ್ವಾಸ್ಥ್ಯವಿಲ್ಲದವನೆಂದು ವಿಧಿವತ್ತಾಗಿ ಘೋಷಿಸಿದ್ದಕ್ಕೂ ಈ ಕಿವಿಗೂ ಸಂಬಂಧ ಕಲ್ಪಿಸುವ ಅಗತ್ಯ ನನಗೆ ಕಾಣುವುದಿಲ್ಲ. ಮೆನಿಯೇರ್ ಕಾಯಿಲೆ ಬುದ್ಧಿಯನ್ನು ಕೆಡಿಸುವುದಿಲ್ಲ.

ಪ್ರತಿ ಪತ್ರದಲ್ಲೂ ಯಾವ ಕಿವಿ, ಎಷ್ಟು ಹೊತ್ತು, ತಲೆಸುತ್ತು ಜೊತೆಗಿತ್ತೋ ಇಲ್ಲವೋ ಎಂಬುದನ್ನು ತಾರೀಕಿನ ಕ್ರಮದಲ್ಲಿ ಜೋಡಿಸುವ ಕೆಲಸ ಈ ಲೇಖನದ ವ್ಯಾಪ್ತಿಗೆ ಮೀರಿದ್ದು. ಅಂಥ ಪಟ್ಟಿಯ ಮುಂದೆ ಮೇಲಿನ ವಾದ ನಿಲ್ಲದೆಯೂ ಹೋಗಬಹುದು. ಅಲ್ಲಿಯವರೆಗೆ ಜೀವನಚರಿತ್ರೆಕಾರರು ‘ಮೆನಿಯೇರ್’ ಎನ್ನುವ ಮುಂಚೆ ‘ಬಹುಶಃ’ ಎಂದು ಬರೆಯಬೇಕೆಂಬುದು ನನ್ನ ಕೋರಿಕೆ.