ಹಗಲು ತೂಕಡಿಕೆಯ ಚರಿತ್ರೆ: ಸ್ಲೀಪ್ ಅಪ್ನಿಯಾ ಮತ್ತು ಅದರ ಚಿಕಿತ್ಸೆ

ಸ್ಲೀಪ್ ಅಪ್ನಿಯಾ ರಾತ್ರಿಯ ಕಾಯಿಲೆ. ಆದರೆ ವೈದ್ಯರ ಕಣ್ಣಿಗೆ ಅದು ಮೊದಲು ಬಿದ್ದದ್ದು ಹಗಲಿನ ತೂಕಡಿಕೆಯ ರೂಪದಲ್ಲಿ. ನಿದ್ದೆ ಹತ್ತಿದೊಡನೆ ಗಂಟಲಿನ ಸ್ನಾಯುಗಳು ಸಡಿಲವಾಗಿ, ನಾಲಿಗೆಯ ಬುಡ ಹಿಂದಕ್ಕೆ ಜಾರಿ, ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಹತ್ತು ಸೆಕೆಂಡಿನಿಂದ ಹಿಡಿದು ಕೆಲವೊಮ್ಮೆ ಒಂದು ನಿಮಿಷದವರೆಗೂ ಎದೆ, ಹೊಟ್ಟೆ ಏಳುತ್ತ ಬೀಳುತ್ತ ಇರುತ್ತವೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಅರೆಗಳಿಗೆ ಎಚ್ಚರಗೊಂಡು ಗಂಟಲನ್ನು ಬಿಗಿ ಮಾಡಿದಾಗ ದೊಡ್ಡ ಗೊರಕೆಯೊಂದಿಗೆ ಉಸಿರು ಮರಳುತ್ತದೆ. ತೀವ್ರ ಕಾಯಿಲೆಯಲ್ಲಿ ಇದು ಗಂಟೆಗೆ 30ಕ್ಕೂ ಹೆಚ್ಚು ಸಲ ನಡೆಯುತ್ತದೆ. ಮಲಗಿದವರಿಗೆ ಇದರ ನೆನಪೇ ಇರುವುದಿಲ್ಲ. ಅವರಿಗೆ ಗೊತ್ತಾಗುವುದು ಬೆಳಗಿನ ತಲೆಭಾರ, ಮಧ್ಯಾಹ್ನದ ತೂಕಡಿಕೆ, ಎಷ್ಟು ಮಲಗಿದರೂ ಹೋಗದ ಸುಸ್ತು. ಈ ಸುಸ್ತು ಎಲ್ಲಿಂದ ಬರುತ್ತದೆ, ಚಿಕಿತ್ಸೆ ಶುರುವಾದ ಮೇಲೂ ಕೆಲವರನ್ನು ಯಾಕೆ ಬಿಡುವುದಿಲ್ಲ ಎಂಬುದನ್ನು ಅರಿಯಲು ವೈದ್ಯಶಾಸ್ತ್ರಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಬೊಜ್ಜು, ಅತಿನಿದ್ದೆ, ಉಸಿರಿನ ತೊಂದರೆ ಮೂರೂ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ ಎಂಬ ತಿಳಿವಳಿಕೆ ಹಳೆಯದು. ಸುಶ್ರುತ ಸಂಹಿತೆಯ ಸೂತ್ರಸ್ಥಾನವು ಸ್ಥೂಲಕಾಯರ ತೊಂದರೆಗಳನ್ನು ಎಣಿಸುವಾಗ ಏದುಸಿರು, ನಿದ್ದೆ, ಬೆವರುಗಳ ಜೊತೆಗೆ ‘ಕ್ರಥನ’ವನ್ನೂ ಹೇಳುತ್ತದೆ, ಉಸಿರು ಥಟ್ಟನೆ ಕಟ್ಟುವುದು ಎಂದು ವ್ಯಾಖ್ಯಾನಕಾರರು ಅದನ್ನು ವಿವರಿಸಿದ್ದಾರೆ. ಆದರೆ ಜನಸಾಮಾನ್ಯರ ಮಟ್ಟಿಗೆ ಹಗಲಲ್ಲಿ ತೂಕಡಿಸುವವನು ಸೋಮಾರಿ, ಹೊಟ್ಟೆಬಾಕ, ಕುಂಭಕರ್ಣನ ವಂಶದವನು. ಇಂಗ್ಲೆಂಡಿನಲ್ಲೂ ಇದೇ ಕಥೆ. ಚಾರ್ಲ್ಸ್ ಡಿಕನ್ಸ್ 1836–37ರಲ್ಲಿ ಕಂತುಗಳಾಗಿ ಬರೆದ ‘ಪಿಕ್‌ವಿಕ್ ಪೇಪರ್ಸ್’ನಲ್ಲಿ ಜೋ ಎಂಬ ದಢೂತಿ ಹುಡುಗನಿದ್ದಾನೆ. ಊಟ ಬಡಿಸುವಾಗ, ಗಾಡಿಯ ಮೇಲೆ ಕೂತಾಗ, ಬಾಗಿಲು ತಟ್ಟುವಾಗ ಕೂಡ ನಿದ್ದೆಗೆ ಜಾರುವ, ಗೊರಕೆ ಹೊಡೆಯುವ ಆಳು ಅವನು. ಡಿಕನ್ಸರ ಗಮನಿಸುವ ಶಕ್ತಿ ಅಸಾಧಾರಣವಾದದ್ದು. ಓದುಗರು ಮಾತ್ರ ಆ ಹುಡುಗನನ್ನು ನೋಡಿ ನಕ್ಕರು, ಅವನಿಗೆ ಕಾಯಿಲೆ ಇರಬಹುದೆಂದು ಬಹುಕಾಲ ಯಾರೂ ಯೋಚಿಸಲಿಲ್ಲ.

ಲಂಡನ್ನಿನ ವೈದ್ಯ ವಿಲಿಯಂ ಬ್ರಾಡ್‌ಬೆಂಟ್ 1877ರಲ್ಲಿ, ಮಲಗಿದವರ ಗೊರಕೆ ನಡುವೆ ಪೂರ್ತಿ ನಿಂತು, ಎದೆ ಮಾತ್ರ ವ್ಯರ್ಥವಾಗಿ ಹಿಗ್ಗಿ ಕುಗ್ಗುವುದನ್ನು ದಾಖಲಿಸಿದ. ಇದಕ್ಕಿಂತ ಸ್ಪಷ್ಟವಾದ ಚಿತ್ರ 1889ರದು. ಲಿವರ್‌ಪೂಲ್‌ನ ರಿಚರ್ಡ್ ಕೇಟನ್ ತನ್ನ ಬಳಿಗೆ ಬಂದ ಕೋಳಿ ವ್ಯಾಪಾರಿಯೊಬ್ಬನ ಸಂಗತಿಯನ್ನು ಲಂಡನ್ನಿನ ಕ್ಲಿನಿಕಲ್ ಸೊಸೈಟಿಯ ಮುಂದಿಟ್ಟ. ಅಂಗಡಿಯಲ್ಲಿ ನಿಂತಲ್ಲೇ ಆತನಿಗೆ ನಿದ್ದೆ ಬರುತ್ತಿತ್ತು. ಎಚ್ಚರವಾದಾಗ, ಕಾಲು ಗಂಟೆಯ ಹಿಂದೆ ಗಿರಾಕಿಗೆ ಮಾರಲು ಎತ್ತಿಕೊಂಡಿದ್ದ ಕೋಳಿಯೋ ಬಾತುಕೋಳಿಯೋ ಕೈಯಲ್ಲೇ ಇರುತ್ತಿತ್ತು, ಗಿರಾಕಿ ಹೊರಟುಹೋಗಿರುತ್ತಿದ್ದ. ಗಾಢ ನಿದ್ದೆಯಲ್ಲಿ ಈತನ ಗಂಟಲು ಸೆಟೆದು ಮುಚ್ಚಿಕೊಳ್ಳುವುದನ್ನೂ ಎದೆ ಹೊಟ್ಟೆಗಳು ಗಾಳಿಗಾಗಿ ಒದ್ದಾಡುವುದನ್ನೂ ಮುಖ ನೀಲಿಗಟ್ಟುವುದನ್ನೂ ಕೇಟನ್ ಕಣ್ಣಾರೆ ಕಂಡು ಬರೆದಿದ್ದಾನೆ. ರಾತ್ರಿ ಮತ್ತು ಹಗಲು ಎರಡೂ ಒಂದೇ ವರದಿಯಲ್ಲಿದ್ದವು. ಆದರೂ ಅವೆರಡನ್ನು ಕಾರಣ ಮತ್ತು ಪರಿಣಾಮ ಎಂದು ಜೋಡಿಸಲು ಆಗಲಿಲ್ಲ. ಆ ಸಭೆಯಲ್ಲಿ ಚರ್ಚೆ ಡಿಕನ್ಸನ ದಢೂತಿ ಹುಡುಗನನ್ನು ನೆನೆಯುವುದರತ್ತ ತಿರುಗಿತು. ಪ್ರಾಣಿಗಳ ಮಿದುಳಿನಲ್ಲಿ ವಿದ್ಯುತ್ ಹರಿವು ಇದೆಯೆಂದು 1875ರಲ್ಲಿ ಮೊದಲು ತೋರಿಸಿದವನು ಇದೇ ಕೇಟನ್. ನಿದ್ದೆಯಲ್ಲಿರುವ ಮನುಷ್ಯನ ಮಿದುಳಿನ ಆ ವಿದ್ಯುತ್ತನ್ನು ಉಸಿರಿನೊಂದಿಗೆ ಸೇರಿಸಿ ಬರೆದುಕೊಳ್ಳುವ ಯಂತ್ರ ಬರುವ ತನಕ ಕೋಳಿ ವ್ಯಾಪಾರಿಯ ತೂಕಡಿಕೆಗೆ ಉತ್ತರ ಸಿಗುವಂತಿರಲಿಲ್ಲ.

1956ರಲ್ಲಿ ಅಮೆರಿಕದ ಸಿಡ್ನಿ ಬರ್ವೆಲ್ ಮತ್ತು ಸಂಗಡಿಗರು ಈ ಸ್ಥಿತಿಗೆ ‘ಪಿಕ್‌ವಿಕಿಯನ್ ಸಿಂಡ್ರೋಮ್’ ಎಂಬ ಹೆಸರನ್ನು ಪ್ರಚಾರಕ್ಕೆ ತಂದರು. ಅವರ ರೋಗಿ ವಾರಕ್ಕೊಮ್ಮೆ ಇಸ್ಪೀಟಾಡುವ ಒಬ್ಬ ವ್ಯಾಪಾರಸ್ಥ. ಒಂದು ರಾತ್ರಿ ಪೋಕರ್ ಆಟದಲ್ಲಿ ಮೂರು ಎಕ್ಕ, ಎರಡು ರಾಜ ಕೈಗೆ ಬಂದಿದ್ದರೂ ಆತ ನಿದ್ದೆಗೆ ಜಾರಿ ಆಟ ಕಳೆದುಕೊಂಡ. ಆಸ್ಪತ್ರೆಗೆ ಸೇರಬೇಕೆಂದು ಅವನಿಗೆ ಅನ್ನಿಸಿದ್ದು ಆಮೇಲೆ. ಬೊಜ್ಜಿನಿಂದ ಉಸಿರಾಟ ಕ್ಷೀಣಿಸಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ, ಅದೇ ಮಂಪರಿಗೆ ಕಾರಣ ಎಂದು ಬರ್ವೆಲ್ ತಂಡ ವಿವರಿಸಿತು. ವಿವರಣೆ ಅರ್ಧ ಸರಿ. ಆದರೆ ಅವರು ರೋಗಿಯ ರಕ್ತವನ್ನು ಪರೀಕ್ಷಿಸಿದರೇ ಹೊರತು ಅವನ ನಿದ್ದೆಯನ್ನು ಅಲ್ಲ.

ನಿದ್ದೆಯನ್ನೇ ಅಳೆದವರು ಯುರೋಪಿನ ನರವಿಜ್ಞಾನಿಗಳು. 1965ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ಹೆನ್ರಿ ಗಾಸ್ಟೋ ತಂಡವೂ ಜರ್ಮನಿಯ ಫ್ರೈಬರ್ಗ್‌ನಲ್ಲಿ ಯುಂಗ್ ಮತ್ತು ಕೂಲೊ ಅವರೂ ಬೇರೆಬೇರೆಯಾಗಿ, ಇಂಥ ರೋಗಿಗಳ ಮಿದುಳಿನ ಅಲೆ ಮತ್ತು ಉಸಿರನ್ನು ಇಡೀ ರಾತ್ರಿ ಒಟ್ಟಿಗೆ ದಾಖಲಿಸಿದರು. ಉಸಿರು ಪದೇಪದೇ ನಿಲ್ಲುವುದು, ಪ್ರತಿ ಸಲವೂ ನಿದ್ದೆ ಮುರಿಯುವುದು ಕಾಗದದ ಮೇಲೆ ಮೂಡಿತು. ತೂಕಡಿಕೆಯ ಮೂಲ ರಾತ್ರಿಯ ಮುರಿದ ನಿದ್ದೆ ಎಂಬ ಮಾತಿಗೆ ಬಲವಾದ ಪುರಾವೆ 1969ರಲ್ಲಿ ಬಂತು. ಕೂಲೊ ಮತ್ತು ಸಂಗಡಿಗರು ರೋಗಿಯ ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ತೂತು ಮಾಡಿ, ಮುಚ್ಚುವ ಜಾಗವನ್ನು ಬಿಟ್ಟು ಅದರ ಕೆಳಗಿನಿಂದ ಉಸಿರಾಡುವಂತೆ ಮಾಡಿದರು. ಹಗಲಿನ ನಿದ್ದೆ ಬಿಟ್ಟುಹೋಯಿತು. ಇಟಲಿಯ ಬೊಲೊನ್ಯಾದಲ್ಲಿ ಎಲಿಯೊ ಲುಗರೇಸಿ ಇದನ್ನೇ ಮುಂದುವರಿಸಿದರು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕ್ರಿಶ್ಚಿಯನ್ ಗಿಲ್ಮಿನೋ ಮತ್ತು ವಿಲಿಯಂ ಡಿಮೆಂಟ್ 1976ರಲ್ಲಿ ಸ್ಲೀಪ್ ಅಪ್ನಿಯಾ ಸಿಂಡ್ರೋಮ್ ಎಂಬ ಹೆಸರನ್ನು ನೆಲೆಗೊಳಿಸಿ, ತೆಳ್ಳಗಿರುವವರಿಗೂ ಇದು ಬರುತ್ತದೆಂದು ತೋರಿಸಿಕೊಟ್ಟರು. ಡಿಕನ್ಸನ ಹುಡುಗನ ನೆರಳಿನಿಂದ ಕಾಯಿಲೆ ಹೊರಬಂದದ್ದು ಆಗ.

ಆದರೆ ಕತ್ತಿನ ತೂತು ಸುಲಭದ ಪರಿಹಾರವಲ್ಲ. ಹಗಲಲ್ಲಿ ಮುಚ್ಚಬೇಕು, ರಾತ್ರಿ ತೆರೆಯಬೇಕು, ಕಫ ಕಟ್ಟದಂತೆ, ಕೀವಾಗದಂತೆ ದಿನವೂ ತೊಳೆಯಬೇಕು. ಬಹಳ ಮಂದಿ ಅದಕ್ಕಿಂತ ತೂಕಡಿಕೆಯೇ ವಾಸಿ ಎಂದು ಬೇಡವೆನ್ನುತ್ತಿದ್ದರು. ಇಂಥ ರೋಗಿಯೊಬ್ಬ 1980ರ ಜೂನ್‌ನಲ್ಲಿ ಸಿಡ್ನಿಯ ಕಾಲಿನ್ ಸಲ್ಲಿವನ್ ಅವರ ಪ್ರಯೋಗಕ್ಕೆ ಒಪ್ಪಿದ. ಸಲ್ಲಿವನ್ ಅದಕ್ಕೂ ಮೊದಲು ಕೆನಡಾದ ಟೊರಾಂಟೊದಲ್ಲಿ ನಿದ್ದೆಯಲ್ಲಿರುವ ನಾಯಿಗಳ ಉಸಿರಾಟದ ಮೇಲೆ ಸಂಶೋಧನೆ ಮಾಡಿದ್ದವರು. ಮೂಗಿನ ಮೂಲಕ ಸ್ವಲ್ಪವೇ ಒತ್ತಡದ ಗಾಳಿಯನ್ನು ಸತತವಾಗಿ ಬಿಟ್ಟರೆ, ಮುರಿದ ಮೂಳೆಗೆ ಕಟ್ಟುವ ದಬ್ಬೆಯಂತೆ ಆ ಗಾಳಿಯೇ ಗಂಟಲು ಕುಸಿಯದ ಹಾಗೆ ಆನಿಸಿ ಹಿಡಿಯುತ್ತದೆ ಎಂಬುದು ಅವರ ಎಣಿಕೆ. ವ್ಯಾಕ್ಯೂಮ್ ಕ್ಲೀನರ್ ಮೋಟರಿನಿಂದ ಗಾಳಿ ಊದಿಸಿ, ದಪ್ಪ ಪೈಪಿನಲ್ಲಿ ಹಾಯಿಸಿ, ಮಾಸ್ಕ್ ಅನ್ನು ಸಿಲಿಕೋನ್ ಅಂಟಿನಿಂದ ಮುಖಕ್ಕೆ ಅಂಟಿಸಲಾಯಿತು. ಒತ್ತಡ ಏರಿಸಿದೊಡನೆ ಗೊರಕೆ ನಿಂತಿತು. ರೋಗಿ ನೇರವಾಗಿ ಕನಸಿನ ನಿದ್ದೆಗೆ ಇಳಿದು ಗಂಟೆಗಟ್ಟಲೆ ಕದಲದೆ ಮಲಗಿದ. ಮರುದಿನ ಇಡೀ ಹಗಲು ಎಚ್ಚರವಾಗಿದ್ದ. 1981ರ ಏಪ್ರಿಲ್ 18ರ ‘ದಿ ಲ್ಯಾನ್ಸೆಟ್’ನಲ್ಲಿ ಸಲ್ಲಿವನ್ ತಂಡ ಐವರು ರೋಗಿಗಳ ವರದಿ ಪ್ರಕಟಿಸಿತು. ಬೇಕಾದ ಒತ್ತಡ 4.5ರಿಂದ 10 ಸೆಂಟಿಮೀಟರ್ ನೀರಿನಷ್ಟು ಮಾತ್ರ. ಸಿಪ್ಯಾಪ್ ಎಂದು ಇಂದು ಕರೆಯುವ ಚಿಕಿತ್ಸೆ ಹುಟ್ಟಿದ್ದು ಹೀಗೆ.

ಮೊದಲ ರಾತ್ರಿಯ ಆ ಪವಾಡದಂಥ ಫಲ ಒಂದು ತಪ್ಪು ನಿರೀಕ್ಷೆಯನ್ನೂ ಹುಟ್ಟಿಸಿತು. ಯಂತ್ರ ಹಾಕಿಕೊಂಡು ಮಲಗಿದರೆ ಬೆಳಗಾಗುವಷ್ಟರಲ್ಲಿ ಸುಸ್ತು ಮಾಯವಾಗಬೇಕು ಎಂಬುದೇ ಆ ನಿರೀಕ್ಷೆ. ಯಂತ್ರ ಮನೆಗೆ ಹೋದ ಮೇಲೆ ಅನುಭವ ಬೇರೆಯಾಯಿತು. ಆರಂಭದ ಮಾಸ್ಕ್‌ಗಳನ್ನು ಒಬ್ಬೊಬ್ಬರ ಮೂಗಿನ ಅಚ್ಚು ತೆಗೆದು ಮಾಡಬೇಕಿತ್ತು, ಪ್ರತಿ ರಾತ್ರಿಯೂ ಅಂಟಿಸಿ ಬೆಳಿಗ್ಗೆ ಕೀಳಬೇಕಿತ್ತು. ಮೋಟರಿನ ಸದ್ದಂತೂ ಜೋರು. 1980ರ ದಶಕದ ಮಧ್ಯದಿಂದ ಮೆತ್ತನೆಯ ಅಂಚಿನ, ಪಟ್ಟಿ ಬಿಗಿಯುವ ಮಾಸ್ಕ್‌ಗಳು ಕಾರ್ಖಾನೆಯಲ್ಲಿ ತಯಾರಾಗತೊಡಗಿದವು. ಒತ್ತಡವನ್ನು ಮೆಲ್ಲಗೆ ಏರಿಸುವ ವ್ಯವಸ್ಥೆ, ಗಾಳಿಯನ್ನು ಬೆಚ್ಚಗೆ ತೇವವಾಗಿ ಕೊಡುವ ಹ್ಯುಮಿಡಿಫೈಯರ್, ಒತ್ತಡವನ್ನು ತಾನೇ ಹೊಂದಿಸಿಕೊಳ್ಳುವ ಯಂತ್ರ ಒಂದೊಂದಾಗಿ ಬಂದವು. ಹಾಗಿದ್ದೂ ಮೂಗು ಕಟ್ಟುವುದು, ಬಾಯಿ ಒಣಗುವುದು, ಮಾಸ್ಕ್‌ನ ಅಂಚಿನಿಂದ ಗಾಳಿ ಸೋರಿ ಕಣ್ಣಿಗೆ ಬಡಿಯುವುದು, ಮುಖ ಮುಚ್ಚಿದ ದಿಗಿಲು ಇವು ನಿದ್ದೆಯನ್ನು ಕೆಡಿಸುತ್ತಲೇ ಇದ್ದವು. ಅಪ್ನಿಯಾದಿಂದ ಮುರಿಯುತ್ತಿದ್ದ ನಿದ್ದೆ ಈಗ ಮಾಸ್ಕ್‌ನಿಂದ ಮುರಿಯತೊಡಗಿದರೆ ಹಗಲು ಹಗುರವಾಗುವುದಾದರೂ ಹೇಗೆ?

ಹಾಗಾಗಿ ತೂಕಡಿಕೆಯನ್ನೇ ಅಳೆಯುವುದು ಅಗತ್ಯವಾಯಿತು. ಹಗಲಲ್ಲಿ ಎರಡೆರಡು ಗಂಟೆಗೊಮ್ಮೆ ಕತ್ತಲ ಕೋಣೆಯಲ್ಲಿ ಮಲಗಿಸಿ, ನಿದ್ದೆ ಹತ್ತಲು ಎಷ್ಟು ನಿಮಿಷ ಬೇಕೆಂದು ನೋಡುವ ಪರೀಕ್ಷೆಯನ್ನು ಸ್ಟ್ಯಾನ್‌ಫರ್ಡ್‌ನಲ್ಲಿ ಮೇರಿ ಕಾರ್ಸ್‌ಕಾಡನ್ ಮತ್ತು ಡಿಮೆಂಟ್ 1970ರ ದಶಕದಲ್ಲಿ ರೂಪಿಸಿದ್ದರು. ಮೆಲ್ಬರ್ನಿನ ಎಪ್‌ವರ್ತ್ ಆಸ್ಪತ್ರೆಯ ಮರ್ರೆ ಜಾನ್ಸ್ 1991ರಲ್ಲಿ ಇನ್ನೂ ಸರಳವಾದ, ಎಂಟು ಪ್ರಶ್ನೆಗಳ ‘ಎಪ್‌ವರ್ತ್’ ಅಳತೆಗೋಲು ಕೊಟ್ಟರು. ಓದುತ್ತ ಕೂತಾಗ, ಟಿವಿ ನೋಡುವಾಗ, ಊಟವಾದ ಮೇಲೆ ಸುಮ್ಮನೆ ಕೂತಾಗ, ಸಿಗ್ನಲ್‌ನಲ್ಲಿ ಕಾರು ನಿಂತಾಗ ತೂಕಡಿಕೆ ಬರುವ ಸಂಭವವೆಷ್ಟು ಎಂದು ಸೊನ್ನೆಯಿಂದ ಮೂರರವರೆಗೆ ಅಂಕ ಹಾಕಿಕೊಳ್ಳಬೇಕು. ಒಟ್ಟು 24ರಲ್ಲಿ ಹತ್ತನ್ನು ಮೀರಿದರೆ ತೂಕಡಿಕೆ ಅತಿಯಾಗಿದೆ ಎಂದರ್ಥ. ಇವತ್ತಿಗೂ ನಿದ್ರಾ ಚಿಕಿತ್ಸಾಲಯಗಳಲ್ಲಿ ರೋಗಿಯ ಕೈಗೆ ಮೊದಲು ಕೊಡುವ ಹಾಳೆ ಇದು.

ಅಳತೆ ಕೈಗೆ ಬಂದ ಮೇಲೆ ಚೇತರಿಕೆಯ ಲೆಕ್ಕ ಸಿಕ್ಕಿತು. ಅಮೆರಿಕದ ಡೆಟ್ರಾಯಿಟ್‌ನ ಸಂಶೋಧಕರು 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ರಾತ್ರಿ, 14 ರಾತ್ರಿ ಮತ್ತು 42 ರಾತ್ರಿಗಳ ಚಿಕಿತ್ಸೆಯ ನಂತರ ಹಗಲಿನ ಎಚ್ಚರವನ್ನು ಅಳೆದರು. ಮೊದಲ ರಾತ್ರಿಯಿಂದಲೇ ಸುಧಾರಣೆ ಶುರುವಾದರೂ ಅದು ಎರಡು ವಾರಗಳ ತನಕ ಬೆಳೆಯುತ್ತ ಹೋಯಿತು. ವರ್ಷಗಟ್ಟಲೆ ಕೂಡಿಬಂದ ನಿದ್ದೆಯ ಸಾಲ ಒಂದೇ ರಾತ್ರಿಯಲ್ಲಿ ತೀರುವುದಿಲ್ಲ. ಆರಂಭದ ದಿನಗಳಲ್ಲಿ ಗಾಢ ನಿದ್ದೆ ಮತ್ತು ಕನಸಿನ ನಿದ್ದೆ ಎರಡೂ ಉಕ್ಕಿ ಬರುವುದರಿಂದ ಕೆಲವರು ಹಿಂದಿಗಿಂತ ಹೆಚ್ಚು ಹೊತ್ತು ಮಲಗುತ್ತಾರೆ. ಇದು ಚಿಕಿತ್ಸೆ ಸೋತ ಲಕ್ಷಣವಲ್ಲ. ಇನ್ನೊಂದು ಸಂಗತಿ 1993ರಲ್ಲಿ ಬಯಲಾಯಿತು. ನ್ಯಾನ್ಸಿ ಕ್ರಿಬ್ಸ್ ಮತ್ತು ಸಂಗಡಿಗರು 35 ಮಂದಿಯ ಯಂತ್ರಗಳಲ್ಲಿ ರೋಗಿಗಳಿಗೆ ತಿಳಿಯದಂತೆ ಗಂಟೆ ಎಣಿಸುವ ಸಾಧನ ಇಟ್ಟಿದ್ದರು. ದಿನವೂ ಬಳಸುತ್ತೇವೆ ಎಂದು ಬಹುಪಾಲು ಜನ ಹೇಳಿದರೂ, ವಾರದ ಹೆಚ್ಚಿನ ರಾತ್ರಿಗಳಲ್ಲಿ ಕನಿಷ್ಠ ನಾಲ್ಕು ಗಂಟೆ ಬಳಸಿದವರು 16 ಮಂದಿ ಮಾತ್ರ. ಅದೇ ತಂಡ ತೋರಿಸಿದ ಮತ್ತೊಂದು ವಿಷಯ ಇನ್ನೂ ಮುಖ್ಯ: ಒಂದೇ ಒಂದು ರಾತ್ರಿ ಮಾಸ್ಕ್ ಬಿಟ್ಟರೂ ಗಳಿಸಿದ ಎಚ್ಚರದ ಬಹುಭಾಗ ಮರುದಿನ ಕೈತಪ್ಪುತ್ತದೆ.

1990ರ ದಶಕದ ಕೊನೆಗೆ, ಇದೆಲ್ಲ ಯಂತ್ರದ ಮೇಲಿನ ನಂಬಿಕೆಯ ಫಲವಿರಬಹುದೇ ಎಂಬ ಸಂಶಯವೂ ಎದ್ದಿತು. ಆಕ್ಸ್‌ಫರ್ಡ್‌ನ ವೈದ್ಯರು 107 ಪುರುಷರಲ್ಲಿ ಅರ್ಧದಷ್ಟು ಜನರಿಗೆ ಸರಿಯಾದ ಒತ್ತಡವನ್ನೂ ಉಳಿದವರಿಗೆ ಕೆಲಸ ಮಾಡದಷ್ಟು ಕಡಿಮೆ ಒತ್ತಡವನ್ನೂ ಕೊಟ್ಟು ಒಂದು ತಿಂಗಳು ಪರೀಕ್ಷಿಸಿದರು. 1999ರ ವರದಿಯ ಪ್ರಕಾರ ಎಪ್‌ವರ್ತ್ ಅಂಕ ಮೊದಲ ಗುಂಪಿನಲ್ಲಿ 15.5ರಿಂದ 7ಕ್ಕೆ ಇಳಿಯಿತು, ಎರಡನೆಯದರಲ್ಲಿ 15ರಿಂದ 13ಕ್ಕೆ. ಸಂಶಯಕ್ಕೆ ಆಸ್ಪದ ಉಳಿಯಲಿಲ್ಲ. 2007ರಲ್ಲಿ ಟೆರಿ ವೀವರ್ ಮತ್ತು ಸಂಗಡಿಗರು ಗಂಟೆಗಳ ಪ್ರಶ್ನೆಯನ್ನು ಎತ್ತಿಕೊಂಡರು. ಎಪ್‌ವರ್ತ್ ಅಂಕ ಸರಿಹೋಗಲು ಸುಮಾರು ನಾಲ್ಕು ಗಂಟೆಯ ಬಳಕೆ, ಪ್ರಯೋಗಾಲಯದ ಪರೀಕ್ಷೆಯಲ್ಲಿ ಎಚ್ಚರ ಕಾಣಲು ಆರು ಗಂಟೆ, ದಿನದ ಕೆಲಸಕಾರ್ಯಗಳು ಸಲೀಸಾಗಲು ಏಳೂವರೆ ಗಂಟೆ ಬೇಕೆಂದು ಅವರ ಅಧ್ಯಯನ ಹೇಳಿತು. ನಾಲ್ಕು ಗಂಟೆ ಸಾಕೆಂದು ವಿಮಾ ಕಂಪನಿಗಳು ಒಪ್ಪಿದ ಲೆಕ್ಕ ದೇಹಕ್ಕೆ ಒಪ್ಪುವ ಲೆಕ್ಕವಲ್ಲ. ಕನಸಿನ ನಿದ್ದೆ ಹೆಚ್ಚಾಗಿ ಬೆಳಗಿನ ಜಾವದಲ್ಲಿರುತ್ತದೆ, ಗಂಟಲು ಅತಿಯಾಗಿ ಕುಸಿಯುವುದೂ ಆಗಲೇ. ನಡುರಾತ್ರಿ ಮಾಸ್ಕ್ ಕಿತ್ತಿಟ್ಟವರಿಗೆ ಅತಿ ಕೆಟ್ಟ ಹೊತ್ತಿನಲ್ಲೇ ರಕ್ಷಣೆ ತಪ್ಪುತ್ತದೆ.

ಭಾರತದಲ್ಲಿ ಈ ಕಾಯಿಲೆಯ ವ್ಯಾಪ್ತಿಯ ಲೆಕ್ಕ ಸಿಕ್ಕಿದ್ದು ಈ ಶತಮಾನದಲ್ಲಿ. ಮುಂಬೈಯ ಜರೀರ್ ಉದ್ವಾಡಿಯಾ ತಂಡದ 2004ರ ವರದಿ, ನಗರವಾಸಿ ಮಧ್ಯವಯಸ್ಕ ಪುರುಷರಲ್ಲಿ ಶೇ. 7.5 ಮಂದಿಗೆ ತೂಕಡಿಕೆಯೂ ಸೇರಿದ ಸ್ಲೀಪ್ ಅಪ್ನಿಯಾ ಇದೆ ಎಂದಿತು. 2022ರ ಫೆಬ್ರವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಹಿರಿ ತೀರಿಕೊಂಡಾಗ ವೈದ್ಯರು ಈ ಕಾಯಿಲೆಯ ಹೆಸರು ಹೇಳಿದರು. ಅದನ್ನು ಅಲ್ಲಿಯವರೆಗೆ ಕೇಳದಿದ್ದ ಎಷ್ಟೋ ಮನೆಗಳಿಗೆ ಆಗ ಅದು ತಿಳಿಯಿತು. ಆದರೂ ಗೊರಕೆಯನ್ನು ಸೊಂಪಾದ ನಿದ್ದೆಯ ಗುರುತೆಂದು ಭಾವಿಸುವ, ಆಫೀಸಿನಲ್ಲಿ ತೂಕಡಿಸುವವರನ್ನು ಆಡಿಕೊಳ್ಳುವ ಅಭ್ಯಾಸ ಇಲ್ಲಿ ಹೋಗಿಲ್ಲ. ಇದು ಬೇಸರದ ಸಂಗತಿ, ಏಕೆಂದರೆ ತೂಕಡಿಕೆಯ ಬೆಲೆ ರಸ್ತೆಯಲ್ಲಿ ತೆರಬೇಕಾಗುತ್ತದೆ. ಅಪ್ನಿಯಾ ಇರುವ ಚಾಲಕರಿಂದ ಹಲವು ಪಟ್ಟು ಹೆಚ್ಚು ಅಪಘಾತಗಳಾಗುತ್ತವೆ ಎಂದು ಅಮೆರಿಕದ ವರ್ಜೀನಿಯಾದ ಅಧ್ಯಯನ 1988ರಲ್ಲೇ ಎಚ್ಚರಿಸಿತ್ತು.

ಯಂತ್ರಕ್ಕೆ ಹೊಂದಿಕೊಳ್ಳುವ ಕಾಲದ ಸುಸ್ತನ್ನು ನಿಭಾಯಿಸುವ ಇಂದಿನ ಕ್ರಮ ಈ ಚರಿತ್ರೆಯಿಂದಲೇ ಬಂದದ್ದು. ಬಳಕೆಯ ಅಭ್ಯಾಸ ಮೊದಲ ವಾರದಲ್ಲೇ ಒಂದು ಜಾಡು ಹಿಡಿಯುತ್ತದೆ ಎಂದು ವೀವರ್ ತಂಡ 1997ರಲ್ಲಿ ಕಂಡುಕೊಂಡಿತ್ತು. ಅದಕ್ಕೇ ಆ ವಾರದಲ್ಲಿ ರೋಗಿಯನ್ನು ಮಾತಾಡಿಸುವುದು ಮುಖ್ಯ. ಮಾಸ್ಕ್ ದಿಗಿಲು ಹುಟ್ಟಿಸಿದರೆ ಹಗಲಲ್ಲಿ ಟಿವಿ ನೋಡುತ್ತ ಸ್ವಲ್ಪ ಸ್ವಲ್ಪ ಹೊತ್ತು ಹಾಕಿಕೊಂಡು ರೂಢಿಸಿಕೊಳ್ಳಲು ಹೇಳುತ್ತಾರೆ. ಮಧ್ಯಾಹ್ನ ತಡೆಯಲಾಗದಿದ್ದರೆ ಇಪ್ಪತ್ತು ನಿಮಿಷದ ಸಣ್ಣ ನಿದ್ದೆ, ಅದೂ ಮಾಸ್ಕ್ ಹಾಕಿಕೊಂಡೇ. ಕಾಫಿ ಮಧ್ಯಾಹ್ನಕ್ಕೆ ಮುಗಿಯಬೇಕು, ಮಲಗುವ ಮುನ್ನ ಮದ್ಯ, ನಿದ್ದೆ ಮಾತ್ರೆ ಕೂಡದು, ಎಚ್ಚರ ಪೂರ್ತಿ ಮರಳುವ ತನಕ ವಾಹನ ಓಡಿಸಬಾರದು. ವಾರಗಳು ಕಳೆದರೂ ಸುಸ್ತು ಹೋಗದಿದ್ದರೆ ಮೊದಲು ಯಂತ್ರದ ದಾಖಲೆಯಲ್ಲಿ ಬಳಕೆಯ ಗಂಟೆ, ಗಾಳಿಯ ಸೋರಿಕೆ, ಉಳಿದಿರುವ ಉಸಿರುಕಟ್ಟುವಿಕೆಗಳನ್ನು ನೋಡಬೇಕು. ಆಮೇಲೆ ಥೈರಾಯ್ಡ್, ರಕ್ತಹೀನತೆ, ಖಿನ್ನತೆ, ಕಾಲು ಸೆಳೆತ, ಮಂಪರು ತರುವ ಔಷಧಗಳ ಸರದಿ.

ಎಲ್ಲವೂ ಸರಿಯಿದ್ದು ತೂಕಡಿಕೆ ಉಳಿಯುವವರೂ ಇದ್ದಾರೆ. ಫ್ರಾನ್ಸಿನ 2009ರ ಅಧ್ಯಯನದಲ್ಲಿ ಅಂಥವರು ಶೇ. 12, ಬೇರೆ ಕಾರಣಗಳಿದ್ದವರನ್ನು ಬಿಟ್ಟರೆ ಶೇ. 6. ವರ್ಷಗಳ ಕಾಲದ ಆಮ್ಲಜನಕದ ಏರಿಳಿತ ಎಚ್ಚರವನ್ನು ಕಾಯುವ ನರಕೋಶಗಳನ್ನೇ ಘಾಸಿಗೊಳಿಸಬಹುದೆಂದು ಪೆನ್ಸಿಲ್ವೇನಿಯಾದಲ್ಲಿ ಸಿಗ್ರಿಡ್ ವೀಸಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳು ಸೂಚಿಸಿವೆ. ಹಾಗಾಗಿ ಇವರ ದೂರನ್ನು ಮನಸ್ಸಿನ ಭ್ರಮೆ ಎಂದು ತಳ್ಳಿಹಾಕುವುದು ಅನ್ಯಾಯ. ಇಂಥವರಿಗಾಗಿ ಮೊಡಾಫಿನಿಲ್ ಮಾತ್ರೆಗೆ ಅಮೆರಿಕ 2004ರಲ್ಲಿ ಒಪ್ಪಿಗೆ ಕೊಟ್ಟಿತು, 2019ರಲ್ಲಿ ಸೋಲ್ರಿಯಾಮ್‌ಫೆಟಾಲ್‌ಗೆ. ಯುರೋಪಿನ ಔಷಧ ಸಂಸ್ಥೆ ಮಾತ್ರ ಅಡ್ಡಪರಿಣಾಮಗಳ ಕಾರಣಕ್ಕೆ ಅಪ್ನಿಯಾದಲ್ಲಿ ಮೊಡಾಫಿನಿಲ್ ಬಳಕೆಯನ್ನು ಹಿಂತೆಗೆದುಕೊಂಡಿತು. ಈ ಮಾತ್ರೆಗಳು ಹಗಲಿನಲ್ಲಿ ಎಚ್ಚರವಾಗಿಡುತ್ತವೆ ಅಷ್ಟೆ, ಗಂಟಲು ಮುಚ್ಚುವುದನ್ನು ತಡೆಯುವುದಿಲ್ಲ. ಅವನ್ನು ನುಂಗುವವರೂ ರಾತ್ರಿ ಮಾಸ್ಕ್ ಹಾಕಿಕೊಂಡೇ ಮಲಗಬೇಕು.