ಉಚಿತ ಕ್ರೀಡಾವಾಹಿನಿಯ ಅಳಿವು ಉಳಿವು: ಒಂದು ಚಾರಿತ್ರಿಕ ವಿವೇಚನೆ

೧

ಚಂದಾ ಕೊಡದೆ ಎಲ್ಲರೂ ನೋಡಬಹುದಾದ, ಕ್ರೀಡೆಗಾಗಿಯೇ ಮೀಸಲಾದ ದೂರದರ್ಶನ ವಾಹಿನಿಯೊಂದು ಅಂತರಜಾಲದ ಈ ಕಾಲದಲ್ಲಿ ಬಾಳಬಲ್ಲುದೆ? ಈ ಪ್ರಶ್ನೆಯನ್ನು ಸಾಮಾನ್ಯವಾಗಿ ವ್ಯಾಪಾರದ ಪ್ರಶ್ನೆಯೆಂದು ಭಾವಿಸಲಾಗುತ್ತಿದೆ. ಪಂದ್ಯಗಳ ಪ್ರಸಾರದ ಹಕ್ಕಿಗೆ ಇಂದು ಇರುವ ಬೆಲೆಯನ್ನೂ ಉಚಿತ ವಾಹಿನಿಗೆ ಜಾಹೀರಾತುಗಳಿಂದ ಬರಬಹುದಾದ ಆದಾಯವನ್ನೂ ಎದುರುಬದುರಾಗಿ ಇಟ್ಟು, ಅದು ಬಾಳಲಾರದೆಂದು ತೀರ್ಮಾನಿಸುವುದು ಸುಲಭ. ಆದರೆ ನಮ್ಮ ದೇಶದಲ್ಲಿ ಇಂತಹ ವಾಹಿನಿ ಯಾವಾಗಲಾದರೂ ವ್ಯಾಪಾರದ ಬಲದಿಂದ ಬಾಳಿದ್ದುಂಟೆ ಎಂಬುದನ್ನು ಅದಕ್ಕೂ ಮೊದಲು ವಿಚಾರಿಸಬೇಕಾಗುತ್ತದೆ. ಅದು ಚರಿತ್ರೆಗೆ ಸೇರಿದ ಪ್ರಶ್ನೆ. ೧೯೮೨ರಿಂದ ಈಚಿನ ಘಟನೆಗಳನ್ನು ಕ್ರಮವಾಗಿ ಪರಿಶೀಲಿಸಿ ಈ ಪ್ರಶ್ನೆಗೆ ಉತ್ತರವನ್ನು ಕಂಡುಕೊಳ್ಳುವುದೇ ಪ್ರಕೃತ ಲೇಖನದ ಉದ್ದೇಶ.

೨

೧೯೮೨ರಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು. ಅದೇ ವರ್ಷ ನಮ್ಮಲ್ಲಿ ವರ್ಣ ಪ್ರಸಾರವೂ ರಾಷ್ಟ್ರವ್ಯಾಪಿ ಕಾರ್ಯಕ್ರಮವೂ ಆರಂಭವಾದುವು. ಮರುವರ್ಷ ಜೂನ್ ೨೫ರಂದು ಭಾರತ ತಂಡವು ಲಾರ್ಡ್ಸ್ ಮೈದಾನದಲ್ಲಿ ವಿಶ್ವಕಪ್ಪನ್ನು ಗೆದ್ದಿತು. ಮುಂದಿನ ಕೆಲವು ವರ್ಷಗಳಲ್ಲಿ ಜಿಲ್ಲಾ ಕೇಂದ್ರಗಳಲ್ಲಿಯೂ ಸಣ್ಣ ಪಟ್ಟಣಗಳಲ್ಲಿಯೂ ಮರುಪ್ರಸಾರ ಕೇಂದ್ರಗಳು ತಲೆಯೆತ್ತಿದುವು. ಮಾಳಿಗೆಯ ಮೇಲೆ ಆಂಟೆನಾ ನಿಲ್ಲಿಸಿದವರ ಮನೆಗಳಲ್ಲೆಲ್ಲ ಕ್ರಿಕೆಟ್, ಹಾಕಿ, ಒಲಿಂಪಿಕ್ಸ್ ಉಚಿತವಾಗಿ ಕಾಣಿಸಿಕೊಂಡುವು.

ಈ ಔದಾರ್ಯದ ಆಧಾರವನ್ನು ಮರೆಯಬಾರದು. ಆಗ ದೂರದರ್ಶನವೊಂದನ್ನು ಬಿಟ್ಟು ಪಂದ್ಯವನ್ನು ಪ್ರಸಾರ ಮಾಡಬಲ್ಲವರು ದೇಶದಲ್ಲಿ ಮತ್ತಾರೂ ಇರಲಿಲ್ಲ. ಪ್ರಸಾರದ ಹಕ್ಕೆಂಬುದು ಮಾರಾಟದ ಸರಕೆಂದು ಕ್ರೀಡಾಸಂಸ್ಥೆಗಳು ಇನ್ನೂ ಅರಿತಿರಲಿಲ್ಲ. ಅರಿತಿದ್ದರೂ ಕೊಳ್ಳುವವನು ಒಬ್ಬನೇ ಆದುದರಿಂದ ಬೆಲೆಯೇಳುವ ಸಂಭವವಿರಲಿಲ್ಲ. ಎಂದರೆ ಉಚಿತ ಪ್ರಸಾರದ ಮೊದಲನೆಯ ಘಟ್ಟವು ಏಕಸ್ವಾಮ್ಯದ ಫಲವಾಗಿದ್ದಿತು.

ಈ ಘಟ್ಟವು ಕೊನೆಗೊಂಡುದು ೧೯೯೩ರಲ್ಲಿ. ಬಂಗಾಳದ ಕ್ರಿಕೆಟ್ ಸಂಸ್ಥೆಯು ತನ್ನ ವಜ್ರ ಮಹೋತ್ಸವದ ಅಂಗವಾಗಿ ನಡೆಸಿದ ಹೀರೋ ಕಪ್ ಪಂದ್ಯಾವಳಿಯ ಪ್ರಸಾರದ ಹಕ್ಕನ್ನು ಟ್ರಾನ್ಸ್ ವರ್ಲ್ಡ್ ಇಂಟರ್‌ನ್ಯಾಷನಲ್ ಎಂಬ ವಿದೇಶೀ ಸಂಸ್ಥೆಗೆ ಮಾರಿತು. ಕೇಂದ್ರ ಸರ್ಕಾರವು ಅನುಮತಿಯನ್ನು ತಡೆಯಿತು; ಆ ಸಂಸ್ಥೆಯ ಉಪಕರಣಗಳನ್ನು ಸುಂಕದ ಅಧಿಕಾರಿಗಳು ಹಿಡಿದಿಟ್ಟರು; ವಿವಾದವು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ೧೯೯೫ರ ಫೆಬ್ರವರಿ ೯ರಂದು ಹೊರಬಿದ್ದ ತೀರ್ಪಿನಲ್ಲಿ ಎರಡು ಮುಖ್ಯ ಸೂತ್ರಗಳಿವೆ. ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತೆಂಬುದು ಒಂದು. ಆ ಸ್ವತ್ತಿನ ಮೇಲೆ ಸರ್ಕಾರಕ್ಕೂ ಏಕಸ್ವಾಮ್ಯವಿಲ್ಲವೆಂಬುದು ಇನ್ನೊಂದು. ಎರಡನೆಯ ಸೂತ್ರದ ಫಲವಾಗಿ ಖಾಸಗಿ ಕ್ರೀಡಾವಾಹಿನಿಗಳು ಬೆಳೆದುವು. ಮೊದಲನೆಯದರ ಫಲವು ದೊರೆಯುವುದಕ್ಕೆ ಇನ್ನೂ ಹನ್ನೆರಡು ವರ್ಷ ಕಾಯಬೇಕಾಯಿತು.

೩

೧೯೯೭ರಲ್ಲಿ ಪ್ರಸಾರ ಭಾರತಿ ಅಸ್ತಿತ್ವಕ್ಕೆ ಬಂದಿತು, ೧೯೯೮ರಲ್ಲಿ ಡಿ.ಡಿ. ಸ್ಪೋರ್ಟ್ಸ್ ವಾಹಿನಿ ಆರಂಭವಾಯಿತು. ಇಂದು ಉಚಿತ ಕ್ರೀಡಾವಾಹಿನಿಯ ಏಕಮಾತ್ರ ಸಾರ್ವಜನಿಕ ನಿದರ್ಶನವೆಂದು ನಾವು ಹೇಳುವ ಈ ವಾಹಿನಿಯೂ ಮೊದಲಲ್ಲಿ ಚಂದಾದಾರರಿಗಷ್ಟೇ ದೊರೆಯುತ್ತಿದ್ದಿತೆಂಬುದು ಗಮನಾರ್ಹ. ಅದು ಎಲ್ಲರಿಗೂ ತೆರೆದುದು ೨೦೦೩ರಲ್ಲಿ. ಸರ್ಕಾರದ ವಾಹಿನಿ ಸಹ ಕೆಲಕಾಲ ವ್ಯಾಪಾರದ ದಾರಿಯನ್ನು ಹಿಡಿದು, ಅಲ್ಲಿ ನೆಲೆಯಿಲ್ಲವೆಂದು ಕಂಡ ಮೇಲೆ ಉಚಿತ ಸೇವೆಗೆ ಮರಳಿದಂತೆ ತೋರುತ್ತದೆ.

ಆ ವೇಳೆಗಾಗಲೇ ದೊಡ್ಡ ಪಂದ್ಯಗಳು ಅದರ ಕೈಬಿಟ್ಟಿದ್ದುವು. ೨೦೦೪ರಲ್ಲಿ ಭಾರತ ತಂಡವು ಪಾಕಿಸ್ತಾನದ ಪ್ರವಾಸ ಕೈಗೊಂಡಾಗ ಹಕ್ಕು ಟೆನ್ ಸ್ಪೋರ್ಟ್ಸ್ ವಾಹಿನಿಯದಾಗಿದ್ದಿತು. ದೂರದರ್ಶನಕ್ಕೂ ಸಿಗ್ನಲ್ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ಆಜ್ಞೆ ಮಾಡಬೇಕಾಯಿತು. ೨೦೦೭ರ ಜನವರಿಯಲ್ಲಿ ವೆಸ್ಟ್ ಇಂಡೀಸ್ ತಂಡವು ಇಲ್ಲಿಗೆ ಬಂದಾಗ ಹಕ್ಕುದಾರರಾದ ನಿಂಬಸ್ ಸಂಸ್ಥೆಗೂ ಪ್ರಸಾರ ಭಾರತಿಗೂ ಅದೇ ಜಗಳ ಮತ್ತೆ ಎದ್ದಿತು. ಏಳು ನಿಮಿಷ ತಡವಾಗಿ ತೋರಿಸಬಹುದೆಂದು ದೆಹಲಿಯ ಉಚ್ಚ ನ್ಯಾಯಾಲಯವು ಹೇಳಿತು. ಪ್ರತಿಯೊಂದು ಸರಣಿಗೂ ನ್ಯಾಯಾಲಯದ ಬಾಗಿಲು ಬಡಿಯುವ ಈ ಸ್ಥಿತಿಯಿಂದ ಹುಟ್ಟಿದುದೇ ೨೦೦೭ರ ಕ್ರೀಡಾ ಪ್ರಸಾರ ಸಂಕೇತಗಳ ಅಧಿನಿಯಮ. ಮೊದಲು ಸುಗ್ರೀವಾಜ್ಞೆಯಾಗಿ ಬಂದು, ಕೆಲವೇ ವಾರಗಳಲ್ಲಿ ಅದು ಸಂಸತ್ತಿನ ಶಾಸನವಾಯಿತು.

ಈ ಶಾಸನದ ತಿರುಳು ಇಷ್ಟು. ರಾಷ್ಟ್ರೀಯ ಮಹತ್ವದ್ದೆಂದು ಸರ್ಕಾರವು ಪ್ರಕಟಿಸಿದ ಪಂದ್ಯವನ್ನು ಕೇಬಲ್ ಮೂಲಕವಾಗಲಿ, ಮನೆಗೆ ನೇರ ತಲುಪುವ ಉಪಗ್ರಹ ಸೇವೆಯ ಮೂಲಕವಾಗಲಿ ತೋರಿಸುವವನು, ತನ್ನ ಜಾಹೀರಾತುಗಳನ್ನು ತೆಗೆದ ಸಿಗ್ನಲನ್ನು ಅದೇ ಕ್ಷಣದಲ್ಲಿ ಪ್ರಸಾರ ಭಾರತಿಗೆ ಕೊಡತಕ್ಕದ್ದು. ಪ್ರಸಾರ ಭಾರತಿ ಅದನ್ನು ತನ್ನ ನೆಲದ ಮೇಲಿನ ಕೇಂದ್ರಗಳಿಂದಲೂ ತನ್ನ ಉಪಗ್ರಹ ಸೇವೆಯಿಂದಲೂ ಬಿತ್ತರಿಸತಕ್ಕದ್ದು. ಬಂದ ಜಾಹೀರಾತಿನ ಆದಾಯದಲ್ಲಿ ಹಕ್ಕುದಾರನಿಗೆ ಕಡಮೆಯೆಂದರೆ ನೂರಕ್ಕೆ ೭೫ ಭಾಗ, ಪ್ರಸಾರ ಭಾರತಿಗೆ ೨೫ ಭಾಗ. ರೇಡಿಯೋ ವೀಕ್ಷಕ ವಿವರಣೆಯಾದರೆ ಅರ್ಧಕ್ಕರ್ಧ.

ಇಲ್ಲಿಗೆ ಉಚಿತ ಪ್ರಸಾರವು ಎರಡನೆಯ ಘಟ್ಟವನ್ನು ಪ್ರವೇಶಿಸಿತು. ಏಕಸ್ವಾಮ್ಯದ ಜಾಗದಲ್ಲಿ ಶಾಸನ ಬಂದು ನಿಂತಿತು. ಇದರ ಲೆಕ್ಕಾಚಾರವನ್ನು ಸ್ವಲ್ಪ ಯೋಚಿಸಬೇಕು. ವರ್ಷದಲ್ಲಿ ಬೆರಳೆಣಿಕೆಯ ದಿನಗಳಲ್ಲಿ ಮಾತ್ರ ಉಚಿತ ವಾಹಿನಿಗೆ ದೊಡ್ಡ ಪ್ರೇಕ್ಷಕ ಸಮುದಾಯ ದೊರೆಯುತ್ತದೆ. ಆ ದಿನಗಳ ಗಳಿಕೆಯಲ್ಲಿಯೂ ಮುಕ್ಕಾಲು ಪಾಲು ಹೊರಗೆ ಹೋಗುತ್ತದೆ. ಉಳಿದ ದಿನಗಳಲ್ಲಿ ಅದು ತೋರಿಸುವುದು ಜಾಹೀರಾತುದಾರರು ಬಯಸದ ಕ್ರೀಡೆಗಳನ್ನು. ಇಂತಹ ವಾಹಿನಿ ಲಾಭ ತರಲೆಂದು ನಿರೀಕ್ಷಿಸುವುದು, ಗ್ರಂಥಾಲಯವು ಬಾಡಿಗೆ ತರಲೆಂದು ನಿರೀಕ್ಷಿಸಿದಂತೆ.

೪

ಶಾಸನದ ಬಲಕ್ಕೂ ಮಿತಿಗಳಿದ್ದುವು. ಮೊದಲನೆಯದು ಪಟ್ಟಿಯ ಮಿತಿ. ಒಲಿಂಪಿಕ್ಸ್, ಏಷ್ಯನ್ ಮತ್ತು ಕಾಮನ್ವೆಲ್ತ್ ಕ್ರೀಡಾಕೂಟಗಳು, ವಿಶ್ವಕಪ್ಪಿನಲ್ಲಿ ಭಾರತ ಆಡುವ ಪಂದ್ಯಗಳು ಮೊದಲಾದುವು ಪಟ್ಟಿಯಲ್ಲಿವೆ. ೨೦೦೮ರಲ್ಲಿ ಆರಂಭವಾದ ಇಂಡಿಯನ್ ಪ್ರೀಮಿಯರ್ ಲೀಗ್ ಅದರಲ್ಲಿಲ್ಲ. ಎರಡನೆಯದು ದಾರಿಯ ಮಿತಿ. ಹೀಗೆ ದೊರೆತ ಸಿಗ್ನಲನ್ನು ಖಾಸಗಿ ಕೇಬಲ್ ಮೂಲಕ ಹಂಚಕೂಡದೆಂದು ೨೦೧೭ರ ಆಗಸ್ಟ್ ೨೨ರಂದು ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಶಾಸನದ ಮಾತುಗಳನ್ನು ನೋಡಿದರೆ ಈ ತೀರ್ಪು ಸಹಜವಾದುದೇ. ಆದರೆ ಅದರ ಪರಿಣಾಮವಾಗಿ, ಕೇಬಲ್ ಇದ್ದವನ ಮನೆಯಲ್ಲಿ ದೂರದರ್ಶನದ ವಾಹಿನಿ ಬರುತ್ತಿದ್ದರೂ ಪಂದ್ಯ ಬರುವಂತಿರಲಿಲ್ಲ. ಉಳಿದ ದಾರಿಗಳು ಎರಡೇ: ಮರುಪ್ರಸಾರ ಕೇಂದ್ರ ಮತ್ತು ಡಿ.ಡಿ. ಫ್ರೀ ಡಿಶ್.

ಇವುಗಳ ಪೈಕಿ ಮೊದಲನೆಯದು ಕಾಲಕ್ರಮದಲ್ಲಿ ಮುಚ್ಚಿಹೋಯಿತು. ೨೦೨೨ರ ವೇಳೆಗೆ ಪ್ರಸಾರ ಭಾರತಿ ತನ್ನ ಹಳೆಯ ನೆಲದ ಪ್ರಸರಣ ಕೇಂದ್ರಗಳನ್ನು, ಕೆಲವು ಆಯಕಟ್ಟಿನ ಸ್ಥಳಗಳಲ್ಲಿರುವುವನ್ನು ಬಿಟ್ಟು, ನಿಲ್ಲಿಸಿತು. ಎಂಬತ್ತರ ದಶಕದಲ್ಲಿ ಆಂಟೆನಾ ನಿಲ್ಲಿಸಿದ ಕುಟುಂಬಕ್ಕೆ ಆ ಆಂಟೆನಾದಿಂದ ಇನ್ನು ಪ್ರಯೋಜನವಿಲ್ಲ. ಎರಡನೆಯದಾದ ಫ್ರೀ ಡಿಶ್ ೨೦೦೪ರ ಡಿಸೆಂಬರಿನಲ್ಲಿ ಬೇರೆ ಹೆಸರಿನಿಂದ ಆರಂಭವಾದ ಸೇವೆ. ಡಿಶ್ಶನ್ನೂ ಪೆಟ್ಟಿಗೆಯನ್ನೂ ಒಮ್ಮೆ ಕೊಂಡರೆ ಸಾಕು, ತಿಂಗಳ ಚಂದಾ ಇಲ್ಲ. ೨೦೨೨ರ ಸುಮಾರಿಗೆ ಅದು ೪ ಕೋಟಿಗೂ ಮಿಕ್ಕ ಮನೆಗಳನ್ನು ಮುಟ್ಟಿದ್ದಿತೆಂದು ಉದ್ಯಮದ ಅಂದಾಜುಗಳು ಹೇಳುತ್ತವೆ. ಇದರ ಪ್ರಭಾವ ಹಿಂದೀ ಪ್ರದೇಶದಲ್ಲಿ ಹೆಚ್ಚು. ಕನ್ನಡನಾಡಿನಲ್ಲಿ ಕೇಬಲ್ಲೇ ಬಲವಾದುದರಿಂದ ಶಾಸನದ ಫಲವು ನಮ್ಮವರಿಗೆ ಅಷ್ಟರಮಟ್ಟಿಗೆ ಕಡಮೆಯಾಗಿ ದೊರೆಯಿತೆನ್ನಬೇಕು. ಕನ್ನಡದ ವೀಕ್ಷಕ ವಿವರಣೆಯೂ ದಿನನಿತ್ಯದ ವಸ್ತುವಾಗಿ ಬೆಳೆದುದು ೨೦೧೮ರಲ್ಲಿ ಆರಂಭವಾದ ಖಾಸಗಿ ಚಂದಾ ವಾಹಿನಿಯಲ್ಲಿ ಮತ್ತು ಅನಂತರ ಅಂತರಜಾಲದಲ್ಲಿ.

೫

ಅಂತರಜಾಲದ ಪ್ರವೇಶದಿಂದ ಆದ ಬದಲಾವಣೆಯನ್ನು ಒಂದು ಅಂಕಿಯೇ ಸಾರುತ್ತದೆ. ೨೦೨೨ರಲ್ಲಿ ಐ.ಪಿ.ಎಲ್. ಪಂದ್ಯಗಳ ಐದು ವರ್ಷದ ಹಕ್ಕುಗಳು ಒಟ್ಟು ೪೮,೩೯೦ ಕೋಟಿ ರೂಪಾಯಿಗೆ ಮಾರಾಟವಾದುವು. ಅದರಲ್ಲಿ ಟೆಲಿವಿಷನ್ ಹಕ್ಕಿನ ಬೆಲೆ ೨೩,೫೭೫ ಕೋಟಿ. ಭಾರತೀಯ ಉಪಖಂಡದ ಅಂತರಜಾಲದ ಹಕ್ಕುಗಳ ಬೆಲೆ ಸುಮಾರು ೨೩,೭೫೮ ಕೋಟಿ. ಅಂತರಜಾಲವು ಟೆಲಿವಿಷನ್ನನ್ನು ಬೆಲೆಯಲ್ಲಿ ಮೀರಿದ ವರ್ಷ ಇದು.

ಹೀಗಿರುವಾಗ ೨೦೨೩ರಲ್ಲಿ ಒಂದು ವಿಚಿತ್ರ ನಡೆಯಿತು. ಹಕ್ಕನ್ನು ಕೊಂಡ ಜಿಯೋಸಿನಿಮಾ ಸಂಸ್ಥೆಯು ಆ ಪಂದ್ಯಗಳನ್ನು ಯಾವ ಚಂದಾ ಇಲ್ಲದೆ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ತೋರಿಸಿತು. ಅದೇ ವರ್ಷ ವಿಶ್ವಕಪ್ಪನ್ನು ಹಾಟ್‌ಸ್ಟಾರ್ ಸಂಸ್ಥೆಯು ಮೊಬೈಲ್ ವೀಕ್ಷಕರಿಗೆ ಉಚಿತವಾಗಿ ಒದಗಿಸಿತು. ಯಾವ ಸರ್ಕಾರಿ ವಾಹಿನಿಯೂ ಮಾಡದುದನ್ನು ವ್ಯಾಪಾರಿಗಳೇ ಮಾಡಿದರು, ಇನ್ನು ಸಾರ್ವಜನಿಕ ವಾಹಿನಿಯೇಕೆ ಎಂದು ಕೇಳಿದವರುಂಟು. ಈ ವಾದವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಕೈಯಲ್ಲಿ ಮೊಬೈಲಿದ್ದ ಕೋಟ್ಯಂತರ ಜನರು ಆ ವರ್ಷ ಪಂದ್ಯ ನೋಡಿದುದು ನಿಜ.

ಆದರೆ ಮುಂದಿನ ಎರಡು ವರ್ಷಗಳ ಘಟನೆಗಳೇ ಅದಕ್ಕೆ ಉತ್ತರ ಹೇಳಿವೆ. ೨೦೨೪ರ ನವೆಂಬರಿನಲ್ಲಿ ಎರಡೂ ಸಂಸ್ಥೆಗಳ ಒಡೆತನ ಒಂದಾಯಿತು. ೨೦೨೫ರ ಫೆಬ್ರವರಿಯಲ್ಲಿ ಜಿಯೋಹಾಟ್‌ಸ್ಟಾರ್ ಎಂಬ ಒಂದೇ ಸೇವೆ ಬಂದಿತು. ಆ ವರ್ಷದ ಐ.ಪಿ.ಎಲ್. ಋತುವಿನಲ್ಲಿ ಪಂದ್ಯವನ್ನು ಪೂರ್ತಿಯಾಗಿ ನೋಡಬೇಕಾದವನಿಗೆ ಚಂದಾ ಅಥವಾ ಗೊತ್ತಾದ ರೀಚಾರ್ಜು ಬೇಕಾಯಿತು. ಇಬ್ಬರು ಪೈಪೋಟಿಗಾರರು ಗ್ರಾಹಕನನ್ನು ಸೆಳೆಯಲು ಕೊಟ್ಟ ಉಡುಗೊರೆ, ಪೈಪೋಟಿ ಮುಗಿದೊಡನೆ ನಿಂತಿತು. ಇದರಲ್ಲಿ ಅಕ್ರಮವೇನೂ ಇಲ್ಲ. ವ್ಯಾಪಾರಿಯು ಕೊಟ್ಟ ಉಚಿತವನ್ನು ವ್ಯಾಪಾರಿಯೇ ಹಿಂದಕ್ಕೆ ತೆಗೆದುಕೊಳ್ಳಬಲ್ಲ. ಶಾಸನವು ಕೊಟ್ಟ ಉಚಿತವನ್ನು ಹಾಗೆ ತೆಗೆದುಕೊಳ್ಳಲು ಬರುವುದಿಲ್ಲ. ನಮ್ಮ ವಿವೇಚನೆಗೆ ಈ ಭೇದವೇ ಮುಖ್ಯವಾದುದು.

ಅಂತರಜಾಲದ ಕಾಲವು ಉಚಿತ ವಾಹಿನಿಗೆ ಹೊಸ ಅವಕಾಶವನ್ನೂ ತಂದಿದೆಯೆಂಬುದನ್ನು ಇಲ್ಲಿ ಹೇಳದಿದ್ದರೆ ಚಿತ್ರ ಅಪೂರ್ಣವಾದೀತು. ೨೦೨೨ರಲ್ಲಿ ಭಾರತ ತಂಡದ ವೆಸ್ಟ್ ಇಂಡೀಸ್ ಪ್ರವಾಸವನ್ನು ಅಂತರಜಾಲದಲ್ಲಿ ತೋರಿಸಿದುದು ಫ್ಯಾನ್‌ಕೋಡ್. ಟೆಲಿವಿಷನ್ನಿನಲ್ಲಿ ತೋರಿಸಿದುದು ಡಿ.ಡಿ. ಸ್ಪೋರ್ಟ್ಸ್. ಅದೇ ವರ್ಷದ ನ್ಯೂಜಿಲೆಂಡ್ ಪ್ರವಾಸದಲ್ಲಿಯೂ ಅಮೆಜಾನ್ ಪ್ರೈಮ್ ಒಂದು ಕಡೆ, ಡಿ.ಡಿ. ಸ್ಪೋರ್ಟ್ಸ್ ಇನ್ನೊಂದು ಕಡೆ. ಸ್ವಂತ ಟೆಲಿವಿಷನ್ ವಾಹಿನಿಯಿಲ್ಲದ ಅಂತರಜಾಲ ಸಂಸ್ಥೆಗೆ ಉಚಿತ ವಾಹಿನಿಯು ಪ್ರತಿಸ್ಪರ್ಧಿಯಲ್ಲ. ತಾನು ಮುಟ್ಟಲಾರದ ಮನೆಗಳನ್ನು ಮುಟ್ಟುವ ಪಾಲುದಾರ.

೬

ಹೊರನಾಡುಗಳ ಅನುಭವವೂ ಇದೇ ದಿಕ್ಕನ್ನು ತೋರಿಸುತ್ತದೆ. ಆಸ್ಟ್ರೇಲಿಯದಲ್ಲಿ ನೆಟ್‌ವರ್ಕ್ ಟೆನ್ ಸಂಸ್ಥೆಯು ೨೦೦೯ರಲ್ಲಿ ಕ್ರೀಡೆಗಾಗಿಯೇ ಮೀಸಲಾದ ಒನ್ ಎಂಬ ಉಚಿತ ವಾಹಿನಿಯನ್ನು ತೆರೆಯಿತು. ಶ್ರೀಮಂತವೂ ಕ್ರೀಡಾಪ್ರಿಯವೂ ಆದ ಆ ದೇಶದಲ್ಲಿಯೂ ಅದು ಎರಡು ವರ್ಷ ಕಳೆಯುವಷ್ಟರಲ್ಲಿ, ೨೦೧೧ರಲ್ಲಿ, ಸಾಮಾನ್ಯ ಮನರಂಜನೆಯ ವಾಹಿನಿಯಾಗಿ ಮಾರ್ಪಟ್ಟಿತು. ಸ್ಪೇನಿನ ಟೆಲೆಡೆಪೋರ್ಟೆಯಾದರೋ ೧೯೯೪ರಿಂದಲೂ ಉಳಿದುಬಂದಿದೆ. ಅದರ ಒಡೆತನ ಸಾರ್ವಜನಿಕ ಪ್ರಸಾರ ಸಂಸ್ಥೆಯದು.

ಬ್ರಿಟನ್ನಿನಲ್ಲಿ ಎಲ್ಲರಿಗೂ ದೊರೆಯಬೇಕಾದ ಪಂದ್ಯಗಳ ಪಟ್ಟಿಯೊಂದಿದೆ. ೧೯೯೮ರಲ್ಲಿ ಇಂಗ್ಲೆಂಡಿನ ಸ್ವದೇಶದ ಟೆಸ್ಟ್ ಪಂದ್ಯಗಳನ್ನು ಅದರ ಮೇಲಿನ ದರ್ಜೆಯಿಂದ ಕೆಳಗಿಳಿಸಲಾಯಿತು. ೨೦೦೬ರಿಂದ ಅವುಗಳ ನೇರ ಪ್ರಸಾರ ಚಂದಾ ವಾಹಿನಿಯ ಪಾಲಾಯಿತು. ಪಟ್ಟಿಯ ರಕ್ಷಣೆ ಹೋದೊಡನೆ ಉಚಿತ ಪ್ರಸಾರವೂ ಹೋಯಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಕಿಲ್ಲ. ೨೦೨೪ರಲ್ಲಿ ಬ್ರಿಟನ್ ಮತ್ತು ಆಸ್ಟ್ರೇಲಿಯ ಎರಡೂ ತಮ್ಮ ಶಾಸನಗಳನ್ನು ತಿದ್ದಿ, ಅಂತರಜಾಲದ ಸೇವೆಗಳನ್ನೂ ಈ ಪಟ್ಟಿಯ ಕಟ್ಟಳೆಯ ಒಳಕ್ಕೆ ತಂದುವು.

ನಮ್ಮ ೨೦೦೭ರ ಶಾಸನಕ್ಕೆ ಅಂತಹ ತಿದ್ದುಪಡಿ ಬಂದಿಲ್ಲ. ಹೊಣೆಯನ್ನು ಹೊರಿಸುವ ಅದರ ಮುಖ್ಯ ವಿಧಿಯಲ್ಲಿ ಕೇಬಲ್ ಇದೆ, ಉಪಗ್ರಹ ಸೇವೆ ಇದೆ, ರೇಡಿಯೋ ಇದೆ, ಅಂತರಜಾಲದ ಹೆಸರಿಲ್ಲ. ದೊಡ್ಡ ಪಂದ್ಯವೊಂದರ ಹಕ್ಕುದಾರನು ಟೆಲಿವಿಷನ್ನನ್ನೇ ಬಿಟ್ಟು ಅಂತರಜಾಲದಲ್ಲಿ ಮಾತ್ರ ತೋರಿಸುವೆನೆಂದರೆ, ಸಿಗ್ನಲ್ ಕೊಡೆಂದು ಕೇಳಲು ಆ ವಿಧಿಯ ಮಾತುಗಳು ಸಾಲುವುವೆ ಎಂಬುದು ಸಂದೇಹಾಸ್ಪದ. ೨೦೨೪ರ ನವೆಂಬರಿನಲ್ಲಿ ಪ್ರಸಾರ ಭಾರತಿಯು ವೇವ್ಸ್ ಎಂಬ ತನ್ನದೇ ಅಂತರಜಾಲ ಸೇವೆಯನ್ನು ತೆರೆದಿದೆ. ಆದರೆ ಹಂಚಿಕೊಂಡ ಪಂದ್ಯವನ್ನು ಅದರಲ್ಲಿ ತೋರಿಸುವ ಹಕ್ಕನ್ನೂ ಆ ವಿಧಿಯು ಹೆಸರಿಸಿ ಕೊಟ್ಟಿಲ್ಲ. ಪಾತ್ರೆ ಸಿದ್ಧವಾಗಿದೆ, ಅದಕ್ಕೆ ಹರಿದುಬರಬೇಕಾದ ಕಾಲುವೆಯನ್ನು ಮಾತ್ರ ಇನ್ನೂ ತೋಡಿಲ್ಲ.

೭

ಮೇಲಿನ ಪರಿಶೀಲನೆಯಿಂದ ನಾವು ತಲುಪುವ ನಿರ್ಣಯ ಹೀಗಿದೆ. ಭಾರತದಲ್ಲಿ ಉಚಿತ ಕ್ರೀಡಾಪ್ರಸಾರವು ಮೊದಲು ಏಕಸ್ವಾಮ್ಯದಿಂದ, ಆಮೇಲೆ ಶಾಸನದಿಂದ ಬಾಳಿತು. ತನ್ನ ಗಳಿಕೆಯಿಂದ ಅದು ಎಂದೂ ಬಾಳಿರಲಿಲ್ಲ. ಆದುದರಿಂದ ಅಂತರಜಾಲವು ಅದರ ಗಳಿಕೆಯನ್ನು ಕಸಿದುಕೊಂಡು ಅದನ್ನು ಕೊಲ್ಲುತ್ತಿದೆಯೆಂಬ ಮಾತು ಚರಿತ್ರೆಗೆ ಒಪ್ಪುವುದಿಲ್ಲ. ಅಪಾಯವಿರುವುದು ಬೇರೆಡೆ: ಪಂದ್ಯಗಳು ಹೊಸ ದಾರಿಗೆ ಹೊರಳಿವೆ, ಶಾಸನವು ಹಳೆಯ ದಾರಿಯನ್ನೇ ಕಾಯುತ್ತಿದೆ. ದಾರಿ ಯಾವುದೇ ಆಗಲಿ, ರಾಷ್ಟ್ರೀಯ ಮಹತ್ವದ ಪಂದ್ಯ ಎಲ್ಲರಿಗೂ ದೊರೆಯಬೇಕೆಂದು ವಿಧಿಯನ್ನು ತಿದ್ದಿದರೆ ಉಚಿತ ವಾಹಿನಿಗೆ ನೆಲೆಯುಂಟು. ದೊಡ್ಡ ಪಂದ್ಯವಿಲ್ಲದ ದಿನಗಳಲ್ಲಿ ಹಾಕಿ, ಅಥ್ಲೆಟಿಕ್ಸ್, ರಾಷ್ಟ್ರೀಯ ಕ್ರೀಡೆಗಳಂತಹವನ್ನು ತೋರಿಸುವ ಖರ್ಚನ್ನು ಬೊಕ್ಕಸವು ನೇರವಾಗಿ ಒಪ್ಪಿಕೊಳ್ಳಬೇಕು; ಜಾಹೀರಾತಿನಿಂದ ಅದು ಹುಟ್ಟುವುದಿಲ್ಲ.

ಇದು ಕೇವಲ ಮನರಂಜನೆಯ ಮಾತಲ್ಲ. ತಿಂಗಳ ಚಂದಾ ಕೊಡಲಾರದ ಮನೆಯ ಹುಡುಗಿಯೊಬ್ಬಳು ತನ್ನ ದೇಶದ ಓಟಗಾರ್ತಿಯನ್ನು ಓಡುವಾಗಲೇ ನೋಡಬಲ್ಲಳೆ, ಇಲ್ಲವೆ ಮರುದಿನ ಪತ್ರಿಕೆಯಲ್ಲಿ ಓದಬೇಕೆ ಎಂಬುದು ಇಲ್ಲಿ ನಿರ್ಧಾರವಾಗುತ್ತದೆ. ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತೆಂದು ೧೯೯೫ರಲ್ಲಿ ನ್ಯಾಯಾಲಯವು ಹೇಳಿತು. ಪಂದ್ಯವು ಇಂದು ತಂತಿಯಲ್ಲಿಯೂ ಮೊಬೈಲಿನಲ್ಲಿಯೂ ಹರಿಯುತ್ತಿರುವಾಗ ಆ ಸಾರ್ವಜನಿಕ ಸ್ವತ್ತು ಯಾವುದೆಂಬುದನ್ನು ಹೊಸದಾಗಿ ಹೇಳಬೇಕಾದ ಹೊಣೆ ಶಾಸನಕರ್ತರ ಮೇಲಿದೆ.