ಅರಿಷಿಣದ ಗಡ್ಡೆ ಕೊಳೆ: ಒಂದೇ ಗಡ್ಡೆಯಲ್ಲಿ ಹಲವು ಸೋಂಕು

ಘಟಪ್ರಭೆಯ ನೀರಾವರಿಯಿರುವ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಕಬ್ಬಿನ ಜೊತೆಗೆ ಅರಿಷಿಣವನ್ನೂ ಬೆಳೆಯುತ್ತಾರೆ. ಈ ಬೆಳೆಯ ದೊಡ್ಡ ಶತ್ರು ಗಡ್ಡೆ ಕೊಳೆ. ಮಳೆಗಾಲದ ನಡುವೆ ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ ಒಣಗುತ್ತವೆ. ಬುಡ ಮೆತ್ತಗಾಗಿ, ಎಳೆದರೆ ಕಾಂಡ ಕೈಗೇ ಬರುತ್ತದೆ. ಗಡ್ಡೆ ಸೀಳಿದರೆ ಕಿತ್ತಳೆ ಬಣ್ಣದ ತಿರುಳು ಕಂದಾಗಿರುತ್ತದೆ, ಎಷ್ಟೋ ಸಲ ಒಳಗೆ ನೊಣದ ಮರಿಹುಳುಗಳೂ ಇರುತ್ತವೆ.

ಇಂಥ ಗಡ್ಡೆಯನ್ನು ಪ್ರಯೋಗಾಲಯಕ್ಕೆ ಒಯ್ದರೆ ಶಿಲೀಂಧ್ರದಂತೆ ಕಾಣುವ ಪಿಥಿಯಮ್ ಸಿಗಬಹುದು, ಫ್ಯುಸೇರಿಯಮ್ ಸೊಲಾನಿ ಎಂಬ ಶಿಲೀಂಧ್ರ ಸಿಗಬಹುದು, ಬೇರಿನಲ್ಲಿ ಗಂಟು ಕಟ್ಟುವ ಜಂತುಹುಳು ಮೆಲೊಯ್ಡೊಗೈನ್ ಇನ್‌ಕಾಗ್ನಿಟಾ ಕೂಡ ಸಿಗಬಹುದು. ಒಂದು ರೋಗಕ್ಕೆ ಒಂದೇ ರೋಗಾಣು ಎಂಬ, ಸೂಕ್ಷ್ಮಾಣು ವಿಜ್ಞಾನಿ ರಾಬರ್ಟ್ ಕಾಕ್‌ನ ಕಾಲದಿಂದ ಬಂದ ಲೆಕ್ಕ ಇಲ್ಲಿ ಹೊಂದುವುದಿಲ್ಲ.

1892ರಲ್ಲೇ ಅಮೆರಿಕದ ಅಲಬಾಮಾದಲ್ಲಿ ಸಸ್ಯರೋಗ ವಿಜ್ಞಾನಿ ಅಟ್ಕಿನ್ಸನ್, ಹತ್ತಿಯ ಸೊರಗು ರೋಗ ಗಂಟುಬೇರಿನ ಜಂತುವಿದ್ದಲ್ಲಿ ಹೆಚ್ಚು ಉಗ್ರವಾಗುವುದನ್ನು ಗುರುತಿಸಿದ್ದರು. ಜಂತು ಮಾಡುವ ಗಾಯ ಶಿಲೀಂಧ್ರಕ್ಕೆ ದಾರಿಯಾಗುತ್ತದೆ ಎಂಬುದು ಅರ್ಧ ವಿವರಣೆ ಮಾತ್ರ. ಜಂತು ತನ್ನ ಆಹಾರಕ್ಕಾಗಿ ಬೇರಿನೊಳಗೆ ದೈತ್ಯಕೋಶಗಳನ್ನು ಬೆಳೆಸಿಕೊಳ್ಳುತ್ತದೆ. ಪೋಷಕಾಂಶ ತುಂಬಿದ ಈ ಕೋಶಗಳನ್ನು ಫ್ಯುಸೇರಿಯಮ್ ಸುಲಭವಾಗಿ ಆವರಿಸುತ್ತದೆ. ಬೇರಿನಿಂದ ಮಣ್ಣಿಗೆ ಒಸರುವ ರಸವೂ ಬದಲಾಗುತ್ತದೆ. ಆದ್ದರಿಂದ ಯಾವುದು ಮೊದಲು ಬಂತು ಎಂಬುದು ಏನೇನು ಬಂತು ಎಂಬಷ್ಟೇ ಮುಖ್ಯ. ಕುಂಡದ ಪ್ರಯೋಗಗಳಲ್ಲಿ ರೋಗಾಣುಗಳನ್ನು ಒಂದೊಂದಾಗಿ, ಒಟ್ಟಾಗಿ, ಹಿಂದೆಮುಂದೆ ಮಾಡಿ ಸೇರಿಸಿ ನೋಡಬೇಕಾಗುವುದು ಇದಕ್ಕಾಗಿಯೇ. ಗಡ್ಡೆ ನೊಣವೇ ಕೊಳೆಗೆ ಕಾರಣವೇ, ಕೊಳೆತ ಮೇಲೆ ಬರುವುದೇ ಎಂಬ ವಿಷಯದಲ್ಲಿ ಭಿನ್ನಾಭಿಪ್ರಾಯವಿದೆ. ಕೊಳೆತ ಗಡ್ಡೆಯೇ ಅದನ್ನು ಸೆಳೆಯುತ್ತದೆ ಎಂಬ ವಾದ ನನಗೆ ಹೆಚ್ಚು ಸರಿಯೆನಿಸುತ್ತದೆ.

ನೆಲದ ಪಾತ್ರವೂ ಸಣ್ಣದಲ್ಲ. ಪಿಥಿಯಮ್‌ನ ಚರಬೀಜಾಣುಗಳು ನೀರಿನಲ್ಲಿ ಈಜಿ ಬೇರು ಸೇರುತ್ತವೆ. ಬಸಿಯದ ಎರೆಮಣ್ಣಿಗೆ ಕಾಲುವೆ ನೀರು ಹಾಯಿಸಿದ ಮೇಲೆ ಮಳೆಯೂ ಹಿಡಿದರೆ ಅವುಗಳಿಗೆ ಇನ್ನೇನು ಬೇಕು!

ಔಷಧದ ಆಯ್ಕೆಯಲ್ಲಿ ರೋಗಾಣುಗಳ ಈ ಕೂಟದ ಪೆಟ್ಟು ನೇರವಾಗಿ ಗೊತ್ತಾಗುತ್ತದೆ. ಪಿಥಿಯಮ್ ನಿಜವಾದ ಶಿಲೀಂಧ್ರವಲ್ಲ. ಮೆಟಲಾಕ್ಸಿಲ್ ಅದನ್ನು ತಡೆಯುತ್ತದೆ, ಫ್ಯುಸೇರಿಯಮ್‌ಗೆ ನಾಟುವುದಿಲ್ಲ. ಕಾರ್ಬೆಂಡಜಿಮ್‌ನದು ಇದಕ್ಕೆ ತಿರುಗುಮುರುಗು. ಮೇಲಾಗಿ ರೈತ ಹಣ ಕೊಟ್ಟು ತಂದು ಹಾಕಿದ ಉಪಕಾರಿ ಶಿಲೀಂಧ್ರ ಟ್ರೈಕೋಡರ್ಮಾವನ್ನೂ ಅದು ಕೊಲ್ಲುತ್ತದೆ. ಜಂತುವಿಗೆ ಇವೆರಡೂ ಮದ್ದಲ್ಲ. ಒಂದನ್ನು ಅಡಗಿಸಿ ಇನ್ನೊಂದಕ್ಕೆ ಜಾಗ ಬಿಟ್ಟುಕೊಟ್ಟ ಮೇಲೆ ಔಷಧವೇ ನಕಲಿ ಎಂದು ಅಂಗಡಿಯವನನ್ನು ಬಯ್ಯುವುದು ಮಾತ್ರ ಉಳಿಯುತ್ತದೆ.

ಹೀಗಾಗಿ ಔಷಧಕ್ಕೆ ಮೊದಲು ಪರೀಕ್ಷೆ ಬೇಕು; ಅದಕ್ಕೆ ಅರಭಾವಿಯಲ್ಲಿ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯವಿರುವುದು ಈ ಭಾಗದ ಅನುಕೂಲ. ಪರೀಕ್ಷೆಗೆ ಒಯ್ಯುವವರು ಪೂರ್ತಿ ಕೊಳೆತ ಗಡ್ಡೆಯೊಂದನ್ನೇ ಒಯ್ಯಬಾರದು. ಆಗತಾನೇ ಹಳದಿಯಾಗುತ್ತಿರುವ ಗಿಡವನ್ನು ಬೇರು ಮತ್ತು ಬುಡದ ಹಸಿ ಮಣ್ಣಿನ ಸಮೇತ, ಔಷಧ ಸುರಿಯುವ ಮೊದಲೇ ಒಯ್ಯಬೇಕು.